ಬೊಲೊನ್ಯಾದಲ್ಲಿ ಉಳಿದುಕೊಂಡು ಕಾರು, ಊಟ ಎರಡನ್ನೂ ನೋಡುವ ಪ್ಲಾನ್: ಗೊತ್ತಿರುವವರು ದಯವಿಟ್ಟು ಹೇಳಿ

ಸಂಜೆಮಲ್ಲಿಗೆ

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಕೊನೆಗೆ ನಾವು ಇಟಲಿಗೆ ಹೋಗುತ್ತಿದ್ದೇವೆ. ರೋಮ್, ವೆನಿಸ್ ಎಲ್ಲ ಈ ಸಲ ಬೇಡ ಅಂತ ಮನೆಯಲ್ಲಿ ತೀರ್ಮಾನ ಆಗಿದೆ. ಬೊಲೊನ್ಯಾದಲ್ಲೇ ರೂಮ್ ಮಾಡಿ, ಅಲ್ಲಿಂದ ದಿನಾ ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರುವ ಯೋಚನೆ. ನಾಲ್ಕೈದು ದಿನ ಸಿಗುತ್ತದೆ.

ನಾವು ನಾಲ್ಕು ಜನ. ಹೈಸ್ಕೂಲಿನಲ್ಲಿರುವ ಮಗನಿಗೆ ಕಾರು ಅಂದರೆ ಜೀವ. ಅವನ ಪಟ್ಟಿಯಲ್ಲಿ ಫೆರಾರಿ, ಲ್ಯಾಂಬೋರ್ಗಿನಿ, ಪಗಾನಿ, ಡುಕಾಟಿ ಎಲ್ಲ ಇದೆ. ನನಗೆ ಚೀಸ್ ಮಾಡುವ ಜಾಗ ಮತ್ತು ಆ ಹಳೇ ವಿನೆಗರ್ ಪೀಪಾಯಿಗಳನ್ನು ನೋಡುವ ಆಸೆ. ನಮ್ಮ ಯಜಮಾನರು ಎಲ್ಲದಕ್ಕೂ ಸೈ. ಅತ್ತೆಯವರು ಶುದ್ಧ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ. ಜಾಸ್ತಿ ನಡೆಯಲು ಆಗುವುದಿಲ್ಲ.

ಕಾರು ಬಾಡಿಗೆಗೆ ತಗೊಳ್ಳಬೇಕಾ, ರೈಲು ಸಾಕಾ? ಯಾವುದನ್ನು ಯಾವ ದಿನ ಜೋಡಿಸಬೇಕು?

ಹಳೇ ಗ್ಯಾರೇಜ್

ಮೇಡಂ, ಒಳ್ಳೇ ಊರು ಆರಿಸಿದ್ದೀರಿ. ಮೊದಲು ಮ್ಯಾಪ್ ತೆಗೆದು ಒಂದು ಗೆರೆ ನೋಡಿ. ಪಿಯಾಚೆಂತ್ಸಾದಿಂದ ರಿಮಿನಿವರೆಗೆ ನೇರವಾಗಿ ಒಂದು ರಸ್ತೆ ಇದೆ, ವಿಯಾ ಎಮಿಲಿಯಾ. ರೋಮನ್ನರು ಕ್ರಿಸ್ತಪೂರ್ವ 187ರಲ್ಲಿ ಹಾಕಿದ್ದು. ಪಾರ್ಮಾ, ರೆಜ್ಜೋ ಎಮಿಲಿಯಾ, ಮೊದೆನಾ, ಬೊಲೊನ್ಯಾ, ಇಮೋಲಾ ಎಲ್ಲವೂ ಅದೇ ರಸ್ತೆಯ ಮೇಲೆ ಕೂತಿವೆ. ರೈಲೂ ಅದರ ಪಕ್ಕದಲ್ಲೇ ಹೋಗುತ್ತದೆ. ನಿಮ್ಮ ಪ್ಲಾನ್ ಈ ಗೆರೆಯ ಮೇಲೆ ನಿಲ್ಲಲಿ, ಕಂಪನಿಗಳ ಹೆಸರಿನ ಮೇಲಲ್ಲ.

ಕಾರು ಹುಚ್ಚಿನವರು ಸಾಮಾನ್ಯವಾಗಿ ಒಂದೇ ದಿನ ಎರಡು ಫೆರಾರಿ ಮ್ಯೂಸಿಯಂ, ಒಂದು ಲ್ಯಾಂಬೋರ್ಗಿನಿ, ಒಂದು ಪಗಾನಿ ಅಂತ ತುಂಬಿಸುತ್ತಾರೆ. ಮೂರನೆಯದಕ್ಕೆ ಹೋಗುವಷ್ಟರಲ್ಲಿ ಎಲ್ಲ ಕಾರೂ ಒಂದೇ ಥರ ಕಾಣುತ್ತದೆ. ನನ್ನ ಸಲಹೆ ಇಷ್ಟು: ದಿನಕ್ಕೆ ಒಂದು ಕಾರು, ಒಂದು ಊಟದ ಜಾಗ, ಎರಡೂ ಅಕ್ಕಪಕ್ಕದಲ್ಲಿ. ಚೀಸ್ ಬೆಳಿಗ್ಗೆ ಮಾತ್ರ ಮಾಡುತ್ತಾರೆ, ಹಾಗಾಗಿ ಅದು ಯಾವಾಗಲೂ ಮೊದಲು. ಮ್ಯೂಸಿಯಂ ಮಧ್ಯಾಹ್ನಕ್ಕೆ ಇರಲಿ.

ಇನ್ನೊಂದು ವಿಷಯ ಮಗನಿಗೆ ಹೇಳಿ. ಇಲ್ಲಿ ಕಾರು ಬೇರೆ, ಹೊಲ ಬೇರೆ ಅಲ್ಲ. ಫೆರುಚ್ಚೋ ಲ್ಯಾಂಬೋರ್ಗಿನಿ ರೈತರ ಮನೆಯ ಮಗ. ಯುದ್ಧ ಮುಗಿದ ಮೇಲೆ ಉಳಿದಿದ್ದ ಮಿಲಿಟರಿ ಸಾಮಾನುಗಳಿಂದ ಟ್ರ್ಯಾಕ್ಟರ್ ಕಟ್ಟಿದವರು. ಕಾರು ಶುರು ಮಾಡಿದ್ದು 1963ರಲ್ಲಿ. ಬೊಲೊನ್ಯಾದ ಉತ್ತರಕ್ಕೆ ಫೂನೋದಲ್ಲಿ ಅವರ ಮಗ ತೆರೆದ ಮ್ಯೂಸಿಯಂ ಇದೆ, ಅಲ್ಲಿ ಆ ಟ್ರ್ಯಾಕ್ಟರುಗಳೇ ಸಿಗುತ್ತವೆ. ಸಾಂತಾಗಾತಾ ಬೊಲೊನ್ಯೇಸೆಯಲ್ಲಿ ಫ್ಯಾಕ್ಟರಿಗೆ ಅಂಟಿಕೊಂಡಿರುವುದು ಕಂಪನಿಯ ಮ್ಯೂಸಿಯಂ. ಎರಡೂ ಬೇರೆ ಬೇರೆ, ಬುಕ್ ಮಾಡುವಾಗ ವಿಳಾಸ ನೋಡಿಕೊಳ್ಳಿ.

ಕಿಟಕಿ ಸೀಟು

ರೈಲಿನ ಬಗ್ಗೆ ನಾನು ಹೇಳುತ್ತೇನೆ. ಬೊಲೊನ್ಯಾದಿಂದ ಮೊದೆನಾ ಲೋಕಲ್ ರೈಲಿನಲ್ಲಿ ಅರ್ಧ ಗಂಟೆ. ಪಾರ್ಮಾ ಸುಮಾರು ಒಂದು ಗಂಟೆ. ಇಮೋಲಾ ಅರ್ಧ ಗಂಟೆಯೂ ಆಗುವುದಿಲ್ಲ. ರೀಜನಲ್ ರೈಲಿಗೆ ಮುಂಚೆ ಬುಕ್ ಮಾಡುವ ಅಗತ್ಯವೇ ಇಲ್ಲ, ದರವೂ ಕಡಿಮೆ. ಕಾಗದದ ಟಿಕೆಟ್ ತಗೊಂಡರೆ ಹತ್ತುವ ಮುಂಚೆ ಪ್ಲಾಟ್‌ಫಾರ್ಮಿನ ಮೆಷಿನ್ನಿನಲ್ಲಿ ಮುದ್ರೆ ಹಾಕಿಸಿ. ಮೊಬೈಲಿನಲ್ಲಿ ತಗೊಂಡರೆ ಚೆಕ್-ಇನ್ ಒತ್ತಬೇಕು. ಇದನ್ನು ಬಿಟ್ಟರೆ ದಂಡ ಬೀಳುತ್ತದೆ.

ಏರ್‌ಪೋರ್ಟಿನಿಂದ ಊರಿನ ಮುಖ್ಯ ಸ್ಟೇಷನ್ನಿಗೆ ಮಾರ್ಕೋನಿ ಎಕ್ಸ್‌ಪ್ರೆಸ್ ಅಂತ ಮೋನೋರೈಲು ಇದೆ. ಏಳೆಂಟು ನಿಮಿಷ ಅಷ್ಟೇ. ರೂಮ್ ಸ್ಟೇಷನ್ ಹತ್ತಿರವೇ ಮಾಡಿ, ಅತ್ತೆಯವರಿಗೆ ಅನುಕೂಲ. ಅಲ್ಲಿಂದ ಮುಖ್ಯ ಚೌಕದವರೆಗೂ ಕಂಬಸಾಲಿನ ಕೆಳಗೇ ನಡೆಯಬಹುದು. ಮಳೆ ಬಂದರೂ ಛತ್ರಿ ಬೇಡ. ಈ ಕಂಬಸಾಲುಗಳಿಗೆ 2021ರಲ್ಲಿ ಯುನೆಸ್ಕೋ ಮಾನ್ಯತೆ ಸಿಕ್ಕಿದೆ.

ನನ್ನ ಪ್ರಕಾರ ಬಾಡಿಗೆ ಕಾರು ಬೇಡವೇ ಬೇಡ.

ಹಳೇ ಗ್ಯಾರೇಜ್

ಇದನ್ನು ಪೂರ್ತಿ ಒಪ್ಪುವುದಿಲ್ಲ ಸರ್. ಮೊದೆನಾ, ಪಾರ್ಮಾ, ಇಮೋಲಾಕ್ಕೆ ರೈಲು ಸರಿ. ಆದರೆ ಸಾಂತಾಗಾತಾ, ಪಗಾನಿ ಇರುವ ಸಾನ್ ಚೆಸಾರಿಯೋ, ಹಳ್ಳಿ ಕಡೆಯ ಚೀಸ್ ಡೈರಿಗಳು, ಇವೆಲ್ಲ ರೈಲ್ವೆ ಗೆರೆಯಿಂದ ದೂರ. ಬಸ್ ಹಿಡಿದು ಹೋಗಬಹುದು. ಆದರೆ ವಯಸ್ಸಾದವರನ್ನು ಕರೆದುಕೊಂಡು ಬಸ್ ಕಾಯುವುದು ಕಷ್ಟ ಅಲ್ವಾ? ಎರಡು ದಿನಕ್ಕೆ ಮಾತ್ರ ಕಾರು ತಗೊಳ್ಳಿ, ಉಳಿದ ದಿನ ರೈಲು.

ಕಾರು ತಗೊಳ್ಳುವುದಾದರೆ ನಮ್ಮ ಲೈಸೆನ್ಸ್ ಜೊತೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಬೇಕೇ ಬೇಕು. ಆರ್‌ಟಿಓದಲ್ಲಿ ಈಗಲೇ ಮಾಡಿಸಿಕೊಳ್ಳಿ. ಆಮೇಲೆ ಝಡ್‌ಟಿಎಲ್ ಅಂತ ಬೋರ್ಡ್ ಕಂಡರೆ ಒಳಗೆ ಹೋಗಬೇಡಿ. ಅದು ಹಳೇ ಊರಿನೊಳಗೆ ಹೊರಗಿನ ವಾಹನ ಬಿಡದ ಜಾಗ. ಪೊಲೀಸ್ ಯಾರೂ ನಿಂತಿರುವುದಿಲ್ಲ, ಕ್ಯಾಮೆರಾ ನಂಬರ್ ಪ್ಲೇಟ್ ಹಿಡಿಯುತ್ತದೆ. ದಂಡದ ಕಾಗದ ತಿಂಗಳುಗಳ ನಂತರ ಮನೆಗೇ ಬರುತ್ತದೆ, ಅದರ ಮೇಲೆ ಬಾಡಿಗೆ ಕಂಪನಿಯವರ ಚಾರ್ಜ್ ಬೇರೆ. ಬೊಲೊನ್ಯಾದಲ್ಲಿ 2024ರಲ್ಲಿ ಊರೊಳಗಿನ ಬಹುತೇಕ ರಸ್ತೆಗಳಿಗೆ ಗಂಟೆಗೆ 30 ಕಿಲೋಮೀಟರ್ ಮಿತಿಯನ್ನೂ ತಂದರು, ಬೋರ್ಡ್ ನೋಡಿಕೊಂಡು ಓಡಿಸಿ. ಕಾರನ್ನು ಏರ್‌ಪೋರ್ಟಿನಲ್ಲೇ ಎತ್ತಿ, ಅಲ್ಲೇ ಬಿಡುವುದು ಸುಲಭ.

ಪೋರ್ಟಿಕೋ ಹುಡುಗಿ

ಅಕ್ಕಾ, ನಾನು ಇಲ್ಲೇ ಯೂನಿವರ್ಸಿಟಿಯಲ್ಲಿ ಓದುತ್ತಿದ್ದೇನೆ. ನಿಮ್ಮ ಅತ್ತೆಯವರ ಊಟದ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಇಲ್ಲಿ ಅದೇ ಕಷ್ಟ.

ಈ ಕಡೆಯ ಪಾಸ್ತಾ ಮನೆಯಲ್ಲಿ ಲಟ್ಟಿಸಿದ್ದು, ಮೈದಾ ಜೊತೆ ಮೊಟ್ಟೆ ಹಾಕಿಯೇ ಕಲಸುತ್ತಾರೆ. ತಾಲ್ಯಾತೆಲ್ಲೆ, ಲಸಾನ್ಯಾ, ತೋರ್ತೆಲ್ಲೀನಿ ಎಲ್ಲದರಲ್ಲೂ ಮೊಟ್ಟೆ ಇದೆ. ಸಣ್ಣ ತೋರ್ತೆಲ್ಲೀನಿಯೊಳಗೆ ಹಂದಿ ಮಾಂಸ ಇರುತ್ತದೆ, ಅದನ್ನು ಮಾಂಸದ ಸಾರಿನಲ್ಲೇ ಬಡಿಸುತ್ತಾರೆ. ದೊಡ್ಡದು ತೋರ್ತೆಲ್ಲೋನಿ, ಅದರಲ್ಲಿ ರಿಕೋತ್ತಾ ಚೀಸ್ ಮತ್ತು ಸೊಪ್ಪು. ಬೆಣ್ಣೆ ಮತ್ತು ಸೇಜ್ ಎಲೆಯ ಜೊತೆ ತುಂಬ ಚೆನ್ನಾಗಿರುತ್ತದೆ. ಮೊಟ್ಟೆ ತಿನ್ನುವ ಸಸ್ಯಾಹಾರಿಗಳಿಗೆ ಇದು ಸರಿ. ಅತ್ತೆಯವರಿಗೆ ಅಂಗಡಿಯ ಒಣ ಪಾಸ್ತಾ, ಅಂದರೆ ಬರೀ ಗೋಧಿ ರವೆಯದು, ಟೊಮೇಟೊ ಸಾಸ್ ಹಾಕಿ ಕೊಡಿ ಅಂತ ಕೇಳಬೇಕು. ಬಹಳಷ್ಟು ಕಡೆ ಮಾಡಿಕೊಡುತ್ತಾರೆ.

ಮೊಟ್ಟೆ ಇದೆಯಾ ಅಂತ ಮೆನುವಿನಲ್ಲೇ ತಿಳಿಯಬಹುದು. ಯೂರೋಪಿನಲ್ಲಿ 14 ಅಲರ್ಜಿ ಪದಾರ್ಥಗಳ ಮಾಹಿತಿ ಕೊಡುವುದು ಕಡ್ಡಾಯ, ಅದರಲ್ಲಿ ಮೊಟ್ಟೆಯೂ ಹಾಲೂ ಇದೆ. ಆದರೆ ಹಂದಿ ಕೊಬ್ಬು ಆ ಪಟ್ಟಿಯಲ್ಲಿ ಇಲ್ಲ. ಇಲ್ಲಿ ಪೂರಿಯ ಹಾಗೆ ಉಬ್ಬುವ ನ್ಯೋಕ್ಕೋ ಫ್ರಿತ್ತೋ ಸಿಗುತ್ತದೆ. ನೋಡಿದರೆ ತಿನ್ನಬೇಕು ಅನಿಸುತ್ತದೆ, ಆದರೆ ಹಳೇ ಪದ್ಧತಿಯಲ್ಲಿ ಕರಿಯುವುದೇ ಹಂದಿ ಕೊಬ್ಬಿನಲ್ಲಿ. ಪಿಯಾದೀನಾ ರೊಟ್ಟಿಗೂ ಅದನ್ನೇ ಹಾಕಿ ಕಲಸುತ್ತಾರೆ, ಎಣ್ಣೆ ಹಾಕಿದ್ದೂ ಸಿಗುತ್ತದೆ. "ಸ್ತ್ರುತ್ತೋ?" ಅಂತ ಕೇಳಿ, ಅದೇ ಹಂದಿ ಕೊಬ್ಬು. ರಿಸೋತ್ತೋ ಅನ್ನಕ್ಕೂ ಮಾಂಸದ ಸಾರು ಹಾಕಿರುತ್ತಾರೆ, ಕೇಳದೆ ತಿನ್ನಬೇಡಿ.

ಇನ್ನು ಮುಖ್ಯವಾದದ್ದು. ಪಾರ್ಮೆಸಾನ್ ಚೀಸ್, ಅಂದರೆ ಪಾರ್ಮಿಜಾನೋ ರೆಜ್ಜಾನೋ, ಸಸ್ಯಾಹಾರವಲ್ಲ. ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ನಿಯಮದ ಪ್ರಕಾರ ಬೇರೆ ಏನೂ ಹಾಕುವಂತಿಲ್ಲ. ಈ ಊರಿನಲ್ಲಿ "ವೆಜಿಟೇರಿಯನ್" ಅಂದರೂ ಮೇಲೆ ಅದನ್ನು ತುರಿದು ಉದುರಿಸಿಬಿಡುತ್ತಾರೆ. ಊಟ ಹೇಳುವಾಗಲೇ "ಸೆಂತ್ಸಾ ಪಾರ್ಮಿಜಾನೋ", ಅಂದರೆ ಪಾರ್ಮಿಜಾನೋ ಇಲ್ಲದೆ, ಅನ್ನಿ.

ಸಂಜೆಮಲ್ಲಿಗೆ

ತುಂಬ ಥ್ಯಾಂಕ್ಸ್ ಪುಟ್ಟಾ. ರೆನೆಟ್ ವಿಷಯ ಅತ್ತೆಯವರಿಗೆ ಓದಿ ಹೇಳಿದೆ. "ನೀವು ಹೋಗಿ ನೋಡಿ, ನಾನು ಹೊರಗೆ ಕೂರುತ್ತೇನೆ" ಅಂದರು. ಅವರನ್ನು ಹೊರಗೆ ಕೂರಿಸಿ ನಾವು ಒಳಗೆ ಹೋಗುವುದು ನನಗೆ ಸರಿ ಅನಿಸುತ್ತಿಲ್ಲ. ಡೈರಿ ಬಿಟ್ಟುಬಿಡಲಾ?

ಪೋರ್ಟಿಕೋ ಹುಡುಗಿ

ಬಿಡಬೇಡಿ ಅಕ್ಕಾ. ತಿನ್ನುವುದು ಬೇರೆ, ನೋಡುವುದು ಬೇರೆ. ಹಾಲಿನ ಕೆಲಸ ಗೊತ್ತಿರುವ ಹಿರಿಯರಿಗೇ ಅದು ಜಾಸ್ತಿ ಅರ್ಥ ಆಗುವುದು. ಸಂಜೆ ಹಾಲನ್ನು ರಾತ್ರಿಯಿಡೀ ಅಗಲ ತೊಟ್ಟಿಯಲ್ಲಿ ಬಿಟ್ಟು ಕೆನೆ ತೆಗೆಯುತ್ತಾರೆ. ಬೆಳಗಿನ ಹಾಲನ್ನು ಹಾಗೇ ಸೇರಿಸುತ್ತಾರೆ. ತಾಮ್ರದ ದೊಡ್ಡ ಕಡಾಯಿ, ಸಾವಿರ ಲೀಟರಿಗೂ ಜಾಸ್ತಿ ಹಾಲು ಹಿಡಿಯುತ್ತದೆ. ಹಿಂದಿನ ದಿನದ ಹುಳಿ ನೀರನ್ನು ಹೆಪ್ಪಿನಂತೆ ಹಾಕುತ್ತಾರೆ. ಒಡೆದ ಮೇಲೆ ತಳದಲ್ಲಿ ಕೂತ ಗಟ್ಟಿಯನ್ನು ಬಟ್ಟೆಯಲ್ಲಿ ಎತ್ತಿ ಎರಡು ಪಾಲು ಮಾಡುತ್ತಾರೆ. ಒಂದು ಕಡಾಯಿಗೆ ಎರಡು ಗಾಲಿ, ಅಂದರೆ ಚಕ್ರದ ಆಕಾರದ ಇಡೀ ಚೀಸ್. ಒಂದು ಗಾಲಿಗೆ ಸುಮಾರು 550 ಲೀಟರ್ ಹಾಲು, ತೂಕ 40 ಕಿಲೋ ಆಸುಪಾಸು. ಆಮೇಲೆ ಉಪ್ಪು ನೀರಿನಲ್ಲಿ ಮುಳುಗಿಸಿಟ್ಟು, ಕಡಿಮೆ ಅಂದರೂ 12 ತಿಂಗಳು ಮಾಗಿಸುತ್ತಾರೆ. ಗೋದಾಮಿನಲ್ಲಿ ಚಾವಣಿವರೆಗೂ ಗಾಲಿಗಳು. ಪರೀಕ್ಷೆ ಮಾಡುವವರು ಸಣ್ಣ ಸುತ್ತಿಗೆಯಿಂದ ತಟ್ಟಿ, ಶಬ್ದದಿಂದಲೇ ಒಳಗೆ ಬಿರುಕು ಇದೆಯಾ ಹೇಳುತ್ತಾರೆ.

ಈ ಕಡೆಯ ದನದ ಕೊಟ್ಟಿಗೆಗಳಲ್ಲಿ ನಮ್ಮ ದೇಶದವರೇ ಎಷ್ಟೋ ಜನ ಕೆಲಸ ಮಾಡುತ್ತಾರೆ, ಬಹುತೇಕ ಪಂಜಾಬಿನವರು. ರೆಜ್ಜೋ ಎಮಿಲಿಯಾ ಹತ್ತಿರ ನೊವೆಲ್ಲಾರಾದಲ್ಲಿ ಅವರ ದೊಡ್ಡ ಗುರುದ್ವಾರ ಇದೆ, 2000ದಲ್ಲಿ ಶುರುವಾದದ್ದು. ಲಂಗರ್ ಊಟ ಪೂರ್ತಿ ಸಸ್ಯಾಹಾರ, ಮೊಟ್ಟೆ ಇಲ್ಲ. ಕಾರು ಇರುವ ದಿನ ಅತ್ತೆಯವರನ್ನು ಕರೆದುಕೊಂಡು ಹೋಗಿ. ಪಾರ್ಮೆಸಾನಿನ ಹಾಲು ಕರೆಯುವ ಜನ ಯಾರು ಅಂತ ಅಲ್ಲಿ ತಿಳಿಯುತ್ತದೆ. ಇಟಲಿಯ ಊಟದ ಟೂರುಗಳಲ್ಲಿ ಇದನ್ನು ಯಾರೂ ತೋರಿಸುವುದಿಲ್ಲ ಅನ್ನುವುದು ನನಗೆ ಬೇಜಾರು.

ಹಳೇ ಗ್ಯಾರೇಜ್

ಡೈರಿ ಅಂದಾಗ ನೆನಪಾಯಿತು, ನಿಮ್ಮ ಮನೆಯ ಎರಡೂ ಪಟ್ಟಿ ಒಂದೇ ಗೇಟಿನೊಳಗೆ ಮುಗಿಯುವ ಜಾಗ ಒಂದಿದೆ. ಮೊದೆನಾದ ಹೊರಗೆ ಓಂಬ್ರೆ ಅನ್ನುವ ಫಾರ್ಮ್. ಸಾವಯವ ಪಾರ್ಮೆಸಾನ್ ಮಾಡುತ್ತಾರೆ. ಅದೇ ಅಂಗಳದಲ್ಲಿ ಹಳೇ ಮಸೆರಾಟಿ ಕಾರುಗಳ ಸಂಗ್ರಹ ಇದೆ. ಫುಟ್‌ಬಾಲ್ ಸ್ಟಿಕರ್ ಆಲ್ಬಂ ಮಾಡುತ್ತಿದ್ದ ಪನೀನಿ ಕುಟುಂಬದ ಉಂಬೆರ್ತೋ ಪನೀನಿ ಅವರ ಫಾರ್ಮ್ ಇದು. 1990ರ ದಶಕದಲ್ಲಿ ಮಸೆರಾಟಿ ಕಂಪನಿಯ ಹಳೇ ಸಂಗ್ರಹ ಹರಾಜಿಗೆ ಬಂದಾಗ, ಅದು ಚದುರಿ ಹೋಗಬಾರದು ಅಂತ ಅವರು ಕೊಂಡು ಮೊದೆನಾದಲ್ಲೇ ಉಳಿಸಿಕೊಂಡರು. 1958ರ ಎಲ್ದೊರಾದೋ ರೇಸ್ ಕಾರು ಅಲ್ಲಿದೆ. ಚಳಿಗಾಲದಲ್ಲಿ ಮುಚ್ಚಿರುತ್ತದೆ, ಸೆಪ್ಟೆಂಬರ್ ಸರಿ. ಮೊದಲೇ ಬರೆದು ಸಮಯ ತಗೊಳ್ಳಬೇಕು.

ಯಾರಾದರೂ ಒಂದೇ ಒಂದು ಜಾಗ ಹೇಳಿ ಅಂದರೆ ನಾನು ಇದನ್ನೇ ಹೇಳುತ್ತೇನೆ. ದನ, ಹಾಲು, ಕಾರು ಎಲ್ಲ ಒಂದೇ ಅಂಗಳದಲ್ಲಿ ಸಿಗುವ ಈ ನಾಡನ್ನು ಇಷ್ಟು ಸರಿಯಾಗಿ ತೋರಿಸುವ ಮ್ಯೂಸಿಯಂ ಬೇರೆ ಇಲ್ಲ.

ಮಸೆರಾಟಿ ಹುಟ್ಟಿದ್ದು ಬೊಲೊನ್ಯಾದಲ್ಲಿ, 1914ರಲ್ಲಿ. ಮುಖ್ಯ ಚೌಕದ ಪಕ್ಕ ನೆಪ್ಚೂನನ ಕಾರಂಜಿ ಇದೆ, ಅವನ ಕೈಯಲ್ಲಿರುವ ತ್ರಿಶೂಲವೇ ಕಂಪನಿಯ ಲಾಂಛನ ಆಯಿತು. ಮೊದಲ ಸಂಜೆ ಮಗನಿಗೆ ಅದನ್ನು ತೋರಿಸಿ.

ಆಲೆಮನೆ

ವಿನೆಗರ್ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ. ಮೇಡಂ, ಸೂಪರ್ ಮಾರ್ಕೆಟಿನಲ್ಲಿ ಸಿಗುವ ಬಾಲ್ಸಾಮಿಕ್ ವಿನೆಗರ್ ಬೇರೆ, ಮೊದೆನಾದ "ತ್ರಾದಿತ್ಸಿಯೋನಾಲೆ", ಅಂದರೆ ಸಾಂಪ್ರದಾಯಿಕ ವಿನೆಗರ್ ಬೇರೆ. ಮೊದಲನೆಯದರಲ್ಲಿ ವೈನ್ ವಿನೆಗರ್ ಬೆರೆಸಿರುತ್ತಾರೆ. ಎರಡನೆಯದರಲ್ಲಿ ದ್ರಾಕ್ಷಿ ರಸ ಬಿಟ್ಟರೆ ಬೇರೇನೂ ಇಲ್ಲ. ರಸವನ್ನು ತೆರೆದ ಪಾತ್ರೆಯಲ್ಲಿ ಗಂಟೆಗಟ್ಟಲೆ ಕುದಿಸಿ ಇಳಿಸುತ್ತಾರೆ, ಥೇಟ್ ನಮ್ಮ ಜೋನಿ ಬೆಲ್ಲದ ಹಾಗೆ.

ಆಮೇಲೆ ಅದು ಅಟ್ಟ ಏರುತ್ತದೆ. ನೆಲಮಾಳಿಗೆ ಅಲ್ಲ, ಅಟ್ಟ. ಬೇಸಿಗೆಯ ಬಿಸಿ, ಚಳಿಗಾಲದ ಚಳಿ ಎರಡೂ ತಾಗಬೇಕು. ದೊಡ್ಡದರಿಂದ ಸಣ್ಣದರವರೆಗೆ ಪೀಪಾಯಿಗಳ ಸಾಲು, ಓಕ್, ಚೆಸ್ಟ್‌ನಟ್, ಚೆರ್ರಿ, ಜುನಿಪರ್ ಹೀಗೆ ಬೇರೆ ಬೇರೆ ಮರ. ವರ್ಷಕ್ಕೊಮ್ಮೆ ಅತಿ ಸಣ್ಣ ಪೀಪಾಯಿಯಿಂದ ಸ್ವಲ್ಪ ತೆಗೆಯುತ್ತಾರೆ. ಖಾಲಿಯಾದಷ್ಟನ್ನು ಅದರ ಹಿಂದಿನದರಿಂದ ತುಂಬುತ್ತಾರೆ, ಅದನ್ನು ಅದರ ಹಿಂದಿನದರಿಂದ. ಹೊಸ ರಸ ದೊಡ್ಡದಕ್ಕೆ ಮಾತ್ರ. ಕನಿಷ್ಠ 12 ವರ್ಷ. "ಎಕ್ಸ್‌ಟ್ರಾವೆಕ್ಕಿಯೋ" ಅಂತ ಬರೆದಿದ್ದರೆ 25 ವರ್ಷಕ್ಕೂ ಜಾಸ್ತಿ. ಹೆಣ್ಣು ಮಗು ಹುಟ್ಟಿದಾಗ ಹೊಸ ಪೀಪಾಯಿ ಸಾಲು ಶುರು ಮಾಡುವ ಪದ್ಧತಿ ಅಲ್ಲಿ ಇತ್ತು, ಮದುವೆಯಲ್ಲಿ ಅದೇ ಬಳುವಳಿ.

ಒಂದು ಹನಿ ಚಮಚದಲ್ಲಿ ಕೊಡುತ್ತಾರೆ. ಅತ್ತೆಯವರೂ ಧಾರಾಳವಾಗಿ ರುಚಿ ನೋಡಬಹುದು, ಬರೀ ದ್ರಾಕ್ಷಿ. ವೆನಿಲಾ ಐಸ್‌ಕ್ರೀಮ್ ಮೇಲೆ ಹಾಕಿ ಕೊಟ್ಟರೆ ಬೇಡ ಅನ್ನಬೇಡಿ, ಮೊಟ್ಟೆ ಇಲ್ಲದ್ದು ಅಂತ ಮಾತ್ರ ಕೇಳಿಕೊಳ್ಳಿ.

ಮಗನಿಗೆ ಇನ್ನೊಂದು ಮಾತು. ಈ ವಿನೆಗರ್ ಯಾರು ಮಾಡಿದರೂ ಒಂದೇ ಆಕಾರದ 100 ಮಿಲಿ ಬಾಟಲಿಯಲ್ಲಿ ತುಂಬಬೇಕು ಅಂತ ನಿಯಮ ಇದೆ. ಆ ಬಾಟಲಿ ವಿನ್ಯಾಸ ಮಾಡಿದವರು ಜೋರ್ಜೆತ್ತೋ ಜುಜಾರೋ. ಫೋಕ್ಸ್‌ವ್ಯಾಗನ್ ಗಾಲ್ಫ್ ಕಾರಿನ ವಿನ್ಯಾಸವೂ ಅವರದೇ.

ಸ್ಪಿಲಂಬೆರ್ತೋ ಊರಿನಲ್ಲಿ ಇದರದ್ದೇ ಮ್ಯೂಸಿಯಂ ಇದೆ, ಪಗಾನಿ ಇರುವ ಸಾನ್ ಚೆಸಾರಿಯೋದಿಂದ ಸ್ವಲ್ಪವೇ ದೂರ. ಎರಡನ್ನೂ ಒಂದೇ ದಿನಕ್ಕೆ ಹಾಕಿ. ನೀವು ಹೋಗುವ ಸಮಯ ದ್ರಾಕ್ಷಿ ಕೊಯ್ಲಿನದು. ಸೆಪ್ಟೆಂಬರ್ ಕೊನೆಗೆ ಅನೇಕ ವಿನೆಗರ್ ಮನೆಗಳು ಎಲ್ಲರಿಗೂ ಬಾಗಿಲು ತೆರೆಯುವ ದಿನವೂ ಬರುತ್ತದೆ, ವಿಚಾರಿಸಿ.

ಟ್ವಿನ್ ಸಿಲಿಂಡರ್

ಎಲ್ಲರೂ ನಾಲ್ಕು ಚಕ್ರದ ಹಿಂದೆಯೇ ಇದ್ದೀರಿ! ಡುಕಾಟಿ ಬೊಲೊನ್ಯಾದೊಳಗೇ ಇದೆ, ಬೋರ್ಗೋ ಪನಿಗಾಲೆಯಲ್ಲಿ. ಸಿಟಿ ಬಸ್ಸಿನಲ್ಲಿ ಹೋಗಬಹುದು. 1926ರಲ್ಲಿ ರೇಡಿಯೋ ಬಿಡಿಭಾಗ ಮಾಡುವ ಕಂಪನಿಯಾಗಿ ಶುರುವಾಯಿತು. ಯುದ್ಧದಲ್ಲಿ ಫ್ಯಾಕ್ಟರಿ ಮೇಲೆ ಬಾಂಬ್ ಬಿತ್ತು. ಆಮೇಲೆ ಸೈಕಲ್ಲಿಗೆ ಜೋಡಿಸುವ ಕುಚ್ಚೋಲೋ ಅನ್ನುವ ಪುಟ್ಟ ಎಂಜಿನ್ ಮಾಡಿದರು, ಅಲ್ಲಿಂದ ಬೈಕ್ ಕಂಪನಿ ಆಯಿತು. ಮ್ಯೂಸಿಯಂ ಸಣ್ಣದು, ಆದರೆ ಆ ಸೈಕಲ್ ಎಂಜಿನ್ನಿನಿಂದ ಇವತ್ತಿನ ರೇಸ್ ಬೈಕಿನವರೆಗೆ ಸಾಲಾಗಿ ನೋಡಬಹುದು. ಫ್ಯಾಕ್ಟರಿ ಟೂರ್ ಇರುವುದು ಕೆಲಸದ ದಿನಗಳಲ್ಲಿ ಮಾತ್ರ, ಮೊದಲೇ ಬುಕ್ ಮಾಡಿ.

ಇಮೋಲಾದ ರೇಸ್ ಟ್ರ್ಯಾಕನ್ನೂ ಬಿಡಬೇಡಿ. 1994ರ ಮೇ 1ರಂದು ಫಾರ್ಮುಲಾ ಒನ್ ಚಾಂಪಿಯನ್ ಐರ್ಟನ್ ಸೆನ್ನಾ ಅವರ ಪ್ರಾಣ ತೆಗೆದ ಅಪಘಾತ ಆದದ್ದು ಆ ಟ್ರ್ಯಾಕಿನಲ್ಲಿ. ಹಿಂದಿನ ದಿನ ಅಲ್ಲೇ ಆದ ಇನ್ನೊಂದು ಅಪಘಾತದಲ್ಲಿ ರೋಲಾಂಡ್ ರಾಟ್ಸೆನ್‌ಬರ್ಗರ್ ಅನ್ನುವ ಚಾಲಕರೂ ತೀರಿಕೊಂಡರು. ತಂಬುರೆಲ್ಲೋ ತಿರುವಿನ ಪಕ್ಕದ ಪಾರ್ಕಿನಲ್ಲಿ ಸೆನ್ನಾ ಅವರ ಕಂಚಿನ ಪ್ರತಿಮೆ ಇದೆ, ತಲೆ ತಗ್ಗಿಸಿ ಕೂತ ಭಂಗಿ. ಬೇಲಿ ತುಂಬ ಬಾವುಟ, ಫೋಟೋ, ಹೂವು. ಟಿಕೆಟ್ ಇಲ್ಲ. ರೇಸ್ ಅಂದರೆ ಬರೀ ವೇಗ ಅಂದುಕೊಂಡಿರುವ ಹುಡುಗರು ಅಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಸ್ಟೇಷನ್ನಿನಿಂದ ನಡೆದರೆ ಅರ್ಧ ಗಂಟೆ, ಅತ್ತೆಯವರಿಗೆ ಟ್ಯಾಕ್ಸಿ ಮಾಡಿ.

ಸಂಜೆಮಲ್ಲಿಗೆ

ಫೆರಾರಿ ಮ್ಯೂಸಿಯಂ ಎರಡಿವೆಯಂತೆ. ಎರಡೂ ಬೇಕಾ? ಫ್ಯಾಕ್ಟರಿ ಇರುವ ಮರನೆಲ್ಲೋದಲ್ಲಿ ಫೆರಾರಿ ಓಡಿಸಲು ಕೊಡುತ್ತಾರಂತೆ, ನಮ್ಮ ಯಜಮಾನರ ಕಣ್ಣು ಅದರ ಮೇಲಿದೆ.

ಕಿಟಕಿ ಸೀಟು

ಒಂದೇ ಸಾಕು ಅನ್ನುವುದಾದರೆ ಮಗನಿಗೆ ಮರನೆಲ್ಲೋ. ಫಾರ್ಮುಲಾ ಒನ್ ಕಾರುಗಳು, ಟ್ರೋಫಿಗಳು, ಸಿಮ್ಯುಲೇಟರ್ ಎಲ್ಲ ಅಲ್ಲಿ. ಮೊದೆನಾದ್ದು ಎಂತ್ಸೋ ಫೆರಾರಿ ಅವರ ಜೀವನದ ಬಗ್ಗೆ. 1898ರಲ್ಲಿ ಅವರು ಹುಟ್ಟಿದ ಮನೆ, ಅವರ ಅಪ್ಪನ ಕಬ್ಬಿಣದ ವರ್ಕ್‌ಶಾಪ್ ಹಾಗೇ ಉಳಿಸಿದ್ದಾರೆ. ಪಕ್ಕದಲ್ಲಿ ಹಳದಿ ಬಾನೆಟ್ ಆಕಾರದ ಹೊಸ ಕಟ್ಟಡ, 2012ರಲ್ಲಿ ತೆರೆದದ್ದು. ಮೊದೆನಾ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಅಲ್ಲಿಂದ ಮರನೆಲ್ಲೋಗೆ ಶಟಲ್ ಬಸ್ ಇದೆ. ಎರಡಕ್ಕೂ ಸೇರಿ ಒಂದೇ ಟಿಕೆಟ್ ಸಿಗುತ್ತದೆ.

ಫ್ಯಾಕ್ಟರಿಯೊಳಗೆ ನಡೆದು ನೋಡಲು ಸಾರ್ವಜನಿಕರನ್ನು ಬಿಡುವುದಿಲ್ಲ. ಬಸ್ಸಿನಲ್ಲಿ ಕೂರಿಸಿ ಆವರಣ, ಫೆರಾರಿಯವರು ಕಾರು ಪರೀಕ್ಷಿಸುವ ಫಿಯೊರಾನೋ ಟ್ರ್ಯಾಕ್ ತೋರಿಸುವ ಟೂರ್ ಇದೆ. ಇಳಿಯುವ ಹಾಗಿಲ್ಲ.

ಹಳೇ ಗ್ಯಾರೇಜ್

ಓಡಿಸುವುದರ ಬಗ್ಗೆ: ಮ್ಯೂಸಿಯಂ ಎದುರು ಇರುವವು ಖಾಸಗಿ ಬಾಡಿಗೆ ಅಂಗಡಿಗಳು, ಕಂಪನಿಯವಲ್ಲ. ಪಕ್ಕದಲ್ಲಿ ಅವರ ಕಡೆಯವರು ಕೂರುತ್ತಾರೆ, ಊರಿನ ಮಾಮೂಲಿ ರಸ್ತೆಯಲ್ಲಿ ಓಡಿಸಬೇಕು. ಹತ್ತು ನಿಮಿಷಕ್ಕೇ ಸಾಕಷ್ಟು ದುಡ್ಡು. ಆ ರಸ್ತೆಯಲ್ಲಿ ಫೆರಾರಿಗೂ ಸ್ಪೀಡ್ ಲಿಮಿಟ್ ಇದೆ. ಆ ದುಡ್ಡಿನಲ್ಲಿ ಪಗಾನಿಯ ಕಾರ್ಖಾನೆ ನೋಡುವುದು ಮೇಲು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಒರಾಸಿಯೋ ಪಗಾನಿ ಅರ್ಜೆಂಟೀನಾದಿಂದ ಬಂದು ಲ್ಯಾಂಬೋರ್ಗಿನಿಯಲ್ಲಿ ಕೆಲಸ ಮಾಡಿ, ಕಾರ್ಬನ್ ಫೈಬರ್ ಕಲಿತು, ಸ್ವಂತ ಕಂಪನಿ ಕಟ್ಟಿದವರು. ಮೊದಲ ಕಾರು ಜೋಂಡಾ 1999ರಲ್ಲಿ ಬಂತು. ಬಟ್ಟೆ ಕತ್ತರಿಸಿದ ಹಾಗೆ ಫೈಬರ್ ಕತ್ತರಿಸಿ, ಕೈಯಲ್ಲೇ ಅಚ್ಚಿಗೆ ಹಾಸುವುದನ್ನು ಹತ್ತಿರದಿಂದ ನೋಡಬಹುದು. ಗುಂಪು ಸಣ್ಣದು, ಜಾಗ ಬೇಗ ತುಂಬುತ್ತದೆ.

ಸಂಜೆಮಲ್ಲಿಗೆ

ಎಲ್ಲರದ್ದೂ ಓದಿ ಹೀಗೆ ಜೋಡಿಸಿದ್ದೇವೆ. ಶನಿವಾರ ಬಂದಿಳಿದು ನೆಪ್ಚೂನ್ ಕಾರಂಜಿ, ಊರು. ಭಾನುವಾರ ಡುಕಾಟಿ ಫ್ಯಾಕ್ಟರಿ. ಸೋಮವಾರ ಕಾರು ತಗೊಂಡು ಬೆಳಿಗ್ಗೆ ಓಂಬ್ರೆ ಡೈರಿ, ಮಸೆರಾಟಿ, ಆಮೇಲೆ ನೊವೆಲ್ಲಾರಾ. ಮಂಗಳವಾರ ಪಗಾನಿ, ಸ್ಪಿಲಂಬೆರ್ತೋ. ಬುಧವಾರ ರೈಲಿನಲ್ಲಿ ಮೊದೆನಾ, ಮರನೆಲ್ಲೋ. ಲ್ಯಾಂಬೋರ್ಗಿನಿ ಬಿಡಲು ಮಗ ಒಪ್ಪಿದ್ದಾನೆ, ಟ್ರ್ಯಾಕ್ಟರ್ ಮ್ಯೂಸಿಯಂ ಬೇಕಂತೆ.

ಟ್ವಿನ್ ಸಿಲಿಂಡರ್

ಭಾನುವಾರ ಫ್ಯಾಕ್ಟರಿ ಇಲ್ಲ ಮೇಡಂ. ಆ ದಿನ ಇಮೋಲಾ ಮಾಡಿ. ಡುಕಾಟಿಯನ್ನು ಗುರುವಾರ ಬೆಳಿಗ್ಗೆಗೆ ಹಾಕಿ, ಆ ಸಂಜೆ ವಿಮಾನ ಇದ್ದರೂ ತೊಂದರೆ ಇಲ್ಲ. ಬೋರ್ಗೋ ಪನಿಗಾಲೆ ಏರ್‌ಪೋರ್ಟಿಗೆ ಹತ್ತಿರ.

ಹಳೇ ಗ್ಯಾರೇಜ್

ಸೋಮವಾರ ಸರಿಯಾಗಿದೆ. ನೊವೆಲ್ಲಾರಾ ಮೊದೆನಾದಿಂದ ಇನ್ನೂ ಉತ್ತರಕ್ಕೆ, ಮಧ್ಯಾಹ್ನದ ಊಟಕ್ಕೆ ತಲುಪುವ ಹಾಗೆ ಹೊರಡಿ. ಮಂಗಳವಾರ ವಾಪಸ್ ಬರುವಾಗ ಫೂನೋ ಹಾಕಿಕೊಳ್ಳಬಹುದು. ಆದರೆ ಪಗಾನಿ ಬೆಳಿಗ್ಗೆಗೆ ಸಿಕ್ಕಿದರೆ ಮಾತ್ರ, ಇಲ್ಲದಿದ್ದರೆ ಓಟ ಜಾಸ್ತಿ ಆಗುತ್ತದೆ. ಮೊದಲು ಪಗಾನಿ ಮತ್ತು ಓಂಬ್ರೆ ಎರಡನ್ನು ಬುಕ್ ಮಾಡಿ, ಅವರು ಕೊಟ್ಟ ಸಮಯ ನೋಡಿ ಉಳಿದದ್ದು ಜೋಡಿಸಿ.

ಪೋರ್ಟಿಕೋ ಹುಡುಗಿ

ಬುಧವಾರ ಮೊದೆನಾದಲ್ಲಿ ಅಲ್ಬಿನೆಲ್ಲಿ ಮಾರ್ಕೆಟ್ ಬೆಳಿಗ್ಗೆಯೇ ನೋಡಿ ಅಕ್ಕಾ, 1931ರ ಕಬ್ಬಿಣದ ಕಟ್ಟಡ, ಕ್ಯಾಥೆಡ್ರಲ್ಲಿನಿಂದ ಎರಡು ಹೆಜ್ಜೆ. ಹಣ್ಣು, ತರಕಾರಿ, ಬ್ರೆಡ್ ತಗೊಂಡರೆ ಅತ್ತೆಯವರ ಮಧ್ಯಾಹ್ನದ ಊಟಕ್ಕೆ ಆಗುತ್ತದೆ. ಇಲ್ಲಿ ಹೋಟೆಲ್ ಅಡುಗೆಮನೆ ಮಧ್ಯಾಹ್ನ ಎರಡೂವರೆ ಹೊತ್ತಿಗೆ ಮುಚ್ಚಿ, ಸಂಜೆ ಏಳೂವರೆವರೆಗೆ ತೆರೆಯುವುದಿಲ್ಲ. ಆದ್ದರಿಂದ ಬ್ಯಾಗಿನಲ್ಲಿ ಏನಾದರೂ ಇರಲಿ. ಬೊಲೊನ್ಯಾದಲ್ಲಿ ಸ್ಟೇಷನ್ ಹಿಂದಿನ ಬೊಲೊನ್ಯೀನಾ ಬಡಾವಣೆಯಲ್ಲಿ ನಮ್ಮ ಕಡೆಯ ದಿನಸಿ ಅಂಗಡಿಗಳಿವೆ, ಅಕ್ಕಿ, ಬೇಳೆ, ಮಸಾಲೆ ಸಿಗುತ್ತದೆ. ಅಡುಗೆಮನೆ ಇರುವ ರೂಮ್ ಮಾಡಿದರೆ ರಾತ್ರಿ ಅನ್ನ ಸಾರು ನೀವೇ ಮಾಡಿಕೊಳ್ಳಬಹುದು.

ಸಂಜೆಮಲ್ಲಿಗೆ

ಅಡುಗೆಮನೆ ಇರುವ ರೂಮನ್ನೇ ಹುಡುಕುತ್ತೇನೆ. ಪಗಾನಿಗೂ ಓಂಬ್ರೆಗೂ ಈಗಷ್ಟೇ ಬರೆದೆ. ವಿನೆಗರ್ ಬಾಟಲಿ ಕೈಚೀಲದಲ್ಲಿ ತರಬಹುದಾ?

ಆಲೆಮನೆ

ಸರಿಯಾಗಿ 100 ಮಿಲಿ ಇರುವುದರಿಂದ ಮಿತಿಯೊಳಗೇ ಬರುತ್ತದೆ. ಆದರೆ ಗಾಜು, ಅದೂ ದುಬಾರಿ. ಸೆಕ್ಯುರಿಟಿಯಲ್ಲಿ ವಾದ ಮಾಡುವುದಕ್ಕಿಂತ ಅದರ ಡಬ್ಬಿಯಲ್ಲೇ ಇಟ್ಟು, ಬಟ್ಟೆ ಸುತ್ತಿ ದೊಡ್ಡ ಸೂಟ್‌ಕೇಸಿಗೆ ಹಾಕಿ ಮೇಡಂ.